ಸೊನ್ನೆಯನ್ನು ಎಣಿಸದ ಸರಪಳಿಯವರು

2019ನೆಯ ಇಸವಿ ಮಾರ್ಚ್ 9, ಶನಿವಾರ. ಚಳಿ ಕಾಲ್ತೆಗೆದಿತ್ತು, ಬೇಸಿಗೆ ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಬೆಳಗಿನಿಂದಲೂ ಒಣ ಗಾಳಿ ಬೀಸುತ್ತ, ಎರಡನೆಯ ಮಹಡಿಯ ಆ ಮನೆಯ ಕಿಟಕಿಗಳನ್ನು ಸಾಲವಸೂಲಿಗೆ ಬಂದವರಂತೆ ಬಡಿಯುತ್ತಿತ್ತು. ಸರಪಳಿಯವರು ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿಯನ್ನು ತೊಟ್ಟು, ಬೂಟಿನ ದಾರವನ್ನು ಬಿಗಿದು, ತಮ್ಮದೇ ಊಟದ ಕೋಣೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಬಂದು ನಿಂತರು. ಸ್ಥಳ ಪರಿಶೀಲನೆಗೆ ಬರಿಗಾಲಿನಲ್ಲಿ ಹೋಗುವ ಅಭ್ಯಾಸ ಅವರಿಗಿರಲಿಲ್ಲ.

ಅವರು ಭೂಮಾಪನ ಇಲಾಖೆಗೆ ಸೇರಿದ್ದು 1971ರ ಜೂನ್ 14, ಸೋಮವಾರ. ನಿವೃತ್ತರಾದದ್ದು 2007ರ ಫೆಬ್ರವರಿ ಕೊನೆಯ ದಿನ. ಈ ನಡುವಿನ ಅವಧಿಯಲ್ಲಿ ಇಲಾಖೆಗೆ ಬಟ್ಟೆಯ ಟೇಪು ಬಂತು, ಉಕ್ಕಿನ ಟೇಪು ಬಂತು, ಮೂರು ಕಾಲಿನ ಮೇಲೆ ನಿಂತು ಮಿಣುಕುವ ಯಂತ್ರವೂ ಬಂತು. ಇವರು ಮಾತ್ರ ಹಳೆಯ ಕಬ್ಬಿಣದ ಸರಪಳಿಯನ್ನು ಬಿಡಲಿಲ್ಲ. ಟೇಪು ಬಿಸಿಲಿಗೆ ಹಿಗ್ಗುತ್ತದೆ, ಯಂತ್ರ ಅಧಿಕಾರಿಯ ಮುಖ ನೋಡಿ ಲೆಕ್ಕ ಹೇಳುತ್ತದೆ ಎಂಬುದು ಅವರ ವಾದ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿ ‘ಸರಪಳಿಯವರು’ ಎಂಬುದೇ ನಿಂತಿತು. ನಿವೃತ್ತಿಯ ದಿನ ಕಚೇರಿಯವರು ಹಾರದ ಬದಲು ಆ ಸರಪಳಿಯನ್ನೇ ಕೊರಳಿಗೆ ಹಾಕಿ ಕಳುಹಿಸಿದರು. ಅದು ಈಗ ಹಜಾರದ ಮೊಳೆಗೆ ನೇತುಬಿದ್ದಿದೆ.

ಹೊರಗಿನ ಗಡಿಗಳು ಕೈಬಿಟ್ಟ ಮೇಲೆ ಅವರು ಮನೆಯೊಳಗಿನ ಗಡಿಗಳನ್ನು ಕೈಗೆತ್ತಿಕೊಂಡರು. ಕಪಾಟಿನ ಅರೆಗಳಿಗೆ ಮೇರೆ ಬಿತ್ತು. ಮಂಚದ ಮಧ್ಯದ ಹೊಲಿಗೆ ಅಧಿಕೃತ ಸರಹದ್ದಾಯಿತು. ಊಟದ ಕೋಣೆಯ ಬರೆಯುವ ಮೇಜಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದು, ಎಡಭಾಗವನ್ನು ತಮ್ಮ ಪತ್ರಿಕೆಗಳಿಗೂ ಬಲಭಾಗವನ್ನು ಹೆಂಡತಿಯ ನಿಘಂಟುಗಳಿಗೂ ಹಂಚಿದರು. ಕಂಪ್ಯೂಟರಿನ ಕಪ್ಪು ಪೆಟ್ಟಿಗೆ ಮಾತ್ರ ಗೆರೆಯ ಮೇಲೆ ಒಂದು ಕಾಲನ್ನು ಅತ್ತ, ಒಂದು ಕಾಲನ್ನು ಇತ್ತ ಇಟ್ಟುಕೊಂಡು ಕುಳಿತಿತ್ತು. 2018ರ ಆಗಸ್ಟ್ 12ರ ಭಾನುವಾರ ಅವರು ಅದನ್ನು ಬಲಗಡೆಗೆ ಸರಿಸಿ, ನಿಘಂಟುಗಳ ಹಿಂದೆ, ಗೋಡೆಯ ಮೂಲೆಗೆ ಬೆನ್ನು ಅಂಟುವಂತೆ ಒತ್ತಿ ನಿಲ್ಲಿಸಿದರು.

“ಒತ್ತುವರಿ ತೆರವಾಯ್ತು,” ಎಂದರು.

“ಅದಕ್ಕೂ ಸ್ವಲ್ಪ ಉಸಿರಾಡೋಕೆ ಜಾಗ ಬಿಡಿ,” ಎಂದರು ಹೆಂಡತಿ.

“ಪೆಟ್ಟಿಗೆಗೆ ಎಂಥ ಉಸಿರಾಟ ಇವಳೇ? ಅದೇನು ನಿನ್ನ ತಮ್ಮನೇ, ಕೂತಲ್ಲೆಲ್ಲ ಕಾಲು ಚಾಚೋದಕ್ಕೆ?”

ಹೆಂಡತಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಒಂದು ವಾರಪತ್ರಿಕೆಗೆ 1988ರಿಂದ ಪದಬಂಧ ರಚಿಸುತ್ತ ಬಂದವರು ಆಕೆ. ವಾರ ತಪ್ಪಲಿಲ್ಲ, ಒಂದು ಚೌಕ ತಪ್ಪಲಿಲ್ಲ. ಆದರೆ ಪತ್ರಿಕೆಯಲ್ಲಿ ಒಂದು ಸಲವೂ ಆಕೆಯ ಹೆಸರು ಅಚ್ಚಾಗಲಿಲ್ಲ. ಪದಬಂಧ ಗಾಳಿಯಲ್ಲಿ ತಾನೇ ಬೆಳೆಯುತ್ತದೆ ಎಂದು ಸಂಪಾದಕರು ಭಾವಿಸಿದ್ದಿರಬೇಕು. ಅರವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಪ್ರಕಾಶಕರು ಆಕೆಯನ್ನು ಹುಡುಕಿಕೊಂಡು ಬಂದು, ನೂರು ಹೊಸ ಪದಬಂಧಗಳ ಪುಸ್ತಕ ಕೊಡಿ, ರಕ್ಷಾಪುಟದ ಮೇಲೆ ನಿಮ್ಮ ಹೆಸರು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ ಎಂದರು. ಆಕೆ ಒಂದೂವರೆ ವರ್ಷ ಕುಳಿತು ನೂರನ್ನೂ ಮುಗಿಸಿದರು. ಎಲ್ಲವೂ ಆ ಕಪ್ಪು ಪೆಟ್ಟಿಗೆಯಲ್ಲಿದ್ದವು, ಬೇರೆಲ್ಲಿಯೂ ಇರಲಿಲ್ಲ. ಒಪ್ಪಿಸಬೇಕಾದ ದಿನ ಮಾರ್ಚ್ 15, ಶುಕ್ರವಾರ.

ಮಾರ್ಚ್ 5ರ ಮಂಗಳವಾರದಿಂದ ಪೆಟ್ಟಿಗೆ ಮುನಿಸಿಕೊಂಡಿತು. ಹಚ್ಚಿದ ಅರ್ಧ ಗಂಟೆಗೆ ನೀಲಿ ಪರದೆ ತೋರಿಸಿ, ಹೇಳದೆ ಕೇಳದೆ ಆರಿಹೋಗುತ್ತಿತ್ತು.

“ರಿಪೇರಿಯವಳನ್ನ ಕರೆಸೋಣ ರೀ,” ಎಂದರು ಹೆಂಡತಿ. ಎದುರು ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಹೆಂಗಸನ್ನು ಕುರಿತ ಮಾತು ಅದು.

“ಯಾಕೆ? ಇದು ಹೊಸದಾಗಿ ವ್ಯವಸ್ಥೆ, ಅದೇ ಆಪರೇಟಿಂಗ್ ಸಿಸ್ಟಮ್ಮು, ಹಾಕೋ ಕೆಲಸ. ಪುಸ್ತಿಕೆ ಓದಿದ್ದೀನಿ. ಹಳೇ ಭಾಗಗಳನ್ನ ಅಳಿಸಬೇಕು, ಹೊಸದಾಗಿ ಭಾಗ ಮಾಡಬೇಕು, ಗಡಿ ಗುರುತು ಮಾಡಬೇಕು. ನಾನು ಜೀವಮಾನವೆಲ್ಲ ಮಾಡಿದ್ದು ಇನ್ನೇನು?”

“ನೀವು ಮಾಡಿದ್ದು ಮಣ್ಣಿನ ಮೇಲೆ.”

“ಮಣ್ಣಾದರೇನು, ತಗಡಾದರೇನು. ಗಡಿ ಗಡಿಯೇ.”

ಆದರೂ ಅವರು ಎಚ್ಚರಿಕೆಯ ಮನುಷ್ಯ. ಮೂಲದಾಖಲೆಯ ನಕಲಿಲ್ಲದೆ ಕಲ್ಲು ಕೀಳುವವರಲ್ಲ. ಗುರುವಾರ ಅಂಗಡಿಗೆ ಹೋಗಿ, ಕಂಪ್ಯೂಟರಿನೊಳಗಿನ ಡಿಸ್ಕು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾದ, ಹೊರಗಿನಿಂದ ತಂತಿಯಲ್ಲಿ ಸಿಕ್ಕಿಸುವ ಇನ್ನೊಂದು ಡಿಸ್ಕನ್ನು ಕೊಂಡುತಂದರು. ಪರದೆಯ ಮೇಲೆ ‘ಪುಸ್ತಕ’ ಎಂಬ ಹೆಸರಿನ ಹಳದಿ ಫೋಲ್ಡರಿನ ಚಿತ್ರವಿತ್ತು. ಅದರ ಕೆಳಮೂಲೆಯಲ್ಲಿ ಬಾಗಿದ ಒಂದು ಪುಟ್ಟ ಬಾಣ. ಬಾಣವನ್ನು ಕಂಡು ಅವರಿಗೆ ತುಂಬ ಸಂತೋಷವಾಯಿತು. ಉತ್ತರ ದಿಕ್ಕನ್ನು ತೋರಿಸದ ನಕ್ಷೆಗೆ ಅವರು ಸೇವಾವಧಿಯಲ್ಲಿ ಒಮ್ಮೆಯೂ ರುಜು ಹಾಕಿದವರಲ್ಲ.

“ನೋಡು, ದಿಕ್ಕು ಸಮೇತ ಇಟ್ಟಿದ್ದಾರೆ,” ಎಂದು ಹೆಂಡತಿಗೆ ತೋರಿಸಿದರು. “ಬಾಣ ಒಂಚೂರು ಈಶಾನ್ಯಕ್ಕೆ ವಾಲಿದೆ. ಪರವಾಗಿಲ್ಲ.”

ಹಳದಿ ಚಿತ್ರವನ್ನು ಹೊಸ ಡಿಸ್ಕಿಗೆ ನಕಲು ಮಾಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು.

“ಒಂದೂವರೆ ವರ್ಷದ ಕೆಲಸ ಇಷ್ಟು ಬೇಗ ಹೋಯ್ತೇ?” ಎಂದು ಹೆಂಡತಿ ಹುಬ್ಬು ಗಂಟಿಕ್ಕಿದರು.

“ಅನುಮಾನ ಇದ್ದರೆ ತೆಗೆದು ನೋಡು.”

ಹೊಸ ಡಿಸ್ಕಿನಲ್ಲಿದ್ದ ಹಳದಿ ಚಿತ್ರವನ್ನು ಒತ್ತಿದರು. ನೂರೂ ಪದಬಂಧಗಳು ಸಾಲಾಗಿ ಎದ್ದುನಿಂತವು. ಆಕೆ ಮೊದಲನೆಯದನ್ನೂ ಕೊನೆಯದನ್ನೂ ತೆರೆದು ನೋಡಿದರು. ನಕಲು ಸರಿಯಾಗಿದೆ ಎಂದು ಇಬ್ಬರೂ ಒಪ್ಪಿದರು.

ಹೀಗೆ ಶನಿವಾರ ಬಂತು. ಗಡಿ ಗುರುತಿಸುವಾಗ ಪಕ್ಕದವರ ಸಾಕ್ಷಿ ಇರಬೇಕೆಂಬುದು ಸರಪಳಿಯವರ ಕಟ್ಟಳೆ. ಆದ್ದರಿಂದ ಕೆಳಮಹಡಿಯ ಹಲ್ಲಿನ ಡಾಕ್ಟರನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿದ್ದರು. ಅಳತೆ ಮಾಡುವವನು ಹೇಳಿದ್ದನ್ನು ಇನ್ನೊಬ್ಬ ಗಟ್ಟಿಯಾಗಿ ಪುನರುಚ್ಚರಿಸಬೇಕೆಂಬುದು ಇನ್ನೊಂದು ಕಟ್ಟಳೆ. ಅದಕ್ಕೆ ಹೆಂಡತಿಯ ತಮ್ಮ ಬಂದಿದ್ದರು. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದ ಅವರ ಗಂಟಲು ಮಾತ್ರ ಇನ್ನೂ ಸೇವೆಯಲ್ಲಿತ್ತು.

“ನನ್ನನ್ನ ಯಾಕೆ ಕರೆದ್ರಿ ಸರ್?” ಎಂದರು ಡಾಕ್ಟರು. “ನಾನು ಕಂಪ್ಯೂಟರಲ್ಲಿ ಎಕ್ಸ್-ರೇ ಬಿಟ್ಟು ಬೇರೇನೂ ನೋಡೋನಲ್ಲ.”

“ನೋಡೋದಕ್ಕೇ ಕರೆದಿರೋದು. ಮಾತಾಡೋದಕ್ಕಲ್ಲ.”

“ನನ್ನ ರೋಗಿಗಳೂ ಹೀಗೇ. ಬಾಯಿ ತೆರೆದುಕೊಂಡು ಕೂರ್ತಾರೆ, ಮಾತಾಡೋ ಹಾಗಿಲ್ಲ,” ಎಂದು ಡಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡರು.

ಕಂಪ್ಯೂಟರಿನ ಜೊತೆಗೆ ಬಂದಿದ್ದ, ವ್ಯವಸ್ಥೆ ಹಾಕುವ ಡಿವಿಡಿಯನ್ನು ಒಳಗೆ ತಳ್ಳಿದರು. ಹೊರಗಿನ ಡಿಸ್ಕಿನ ತಂತಿಯನ್ನು ಕೀಳುವುದೇ ಎಂದು ಕಂಡಕ್ಟರು ಕೇಳಿದಾಗ ಸರಪಳಿಯವರು ಬೆಚ್ಚಿದರು. ನೆರೆಯವನ ಕಲ್ಲು ಕಣ್ಣಿಗೆ ಬೀಳದಂತೆ ಮಾಡಿ ಅಳೆಯುವುದು ಕಳ್ಳರ ಪದ್ಧತಿ. ತಂತಿ ಹಾಗೆಯೇ ಉಳಿಯಿತು.

ಪರದೆಯ ಮೇಲೆ ಪಟ್ಟಿ ಮೂಡಿತು. ಸರಪಳಿಯವರು ಭೂತಗನ್ನಡಿ ಹಿಡಿದು ಓದತೊಡಗಿದರು.

“ಡ್ರೈವ್ ಸೊನ್ನೆ, ಒಂದನೇ ಭಾಗ. ರಿಸರ್ವ್ಡ್.”

“ಡ್ರೈವ್ ಸೊನ್ನೇ, ಒಂದನೇ ಭಾಗಾ, ರಿಸರ್ವ್ಡ್ ರೀ ರಿಸರ್ವ್ಡ್, ಹಿಂದೆ ಸರೀರಿ,” ಎಂದರು ಕಂಡಕ್ಟರು.

“ಹಿಂದೆ ಸರೀರಿ ಅನ್ನೋದು ಬೇಡ.”

“ಬಾಯಲ್ಲಿ ಬಂದುಬಿಡುತ್ತೆ ಭಾವ.”

ಡ್ರೈವ್ ಸೊನ್ನೆಯಲ್ಲಿ ಇನ್ನೂ ಎರಡು ಭಾಗಗಳಿದ್ದವು: ಒಂದು ನೂರತೊಂಬತ್ತೈದು ಜಿಬಿ, ಇನ್ನೊಂದು ಇನ್ನೂರೆಪ್ಪತ್ತು. ಅದರ ಕೆಳಗೆ ಡ್ರೈವ್ ಒಂದು. ಅದರಲ್ಲಿ ನಾನೂರರವತ್ತೈದರ ಒಂದೇ ಒಂದು ಅಖಂಡ ಭಾಗ.

ಸರಪಳಿಯವರು ಕನ್ನಡಿ ಕೆಳಗಿಟ್ಟು ಯೋಚಿಸಿದರು. ಅವರ ವೃತ್ತಿಯಲ್ಲಿ ಸೊನ್ನೆಯೆಂಬುದು ಜಾಗವಲ್ಲ. ಸರಪಳಿಯ ಹಿಡಿಯನ್ನು ಊರುವ ಬಿಂದು ಅದು. ಅಲ್ಲಿಂದ ಅಳತೆ ಶುರುವಾಗುತ್ತದೆ, ಅಲ್ಲಿ ಯಾರ ಮನೆಯೂ ಇರುವುದಿಲ್ಲ. ಸೊನ್ನೆ ನಂಬರಿನ ನಿವೇಶನವನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಮೇಲಾಗಿ ಅಲ್ಲಿ ‘ರಿಸರ್ವ್ಡ್’ ಎಂದು ಸ್ಪಷ್ಟವಾಗಿ ಬರೆದಿತ್ತು.

“ತಿಳೀತು,” ಎಂದರು. “ಸೊನ್ನೆ ಅನ್ನೋದೆಲ್ಲ ಸಾರ್ವಜನಿಕ ಜಾಗ. ಮೊದಲನೇದು ಚರಂಡಿ. ಎರಡನೇದು ರಸ್ತೆ. ಮೂರನೇದು ಪಾರ್ಕು. ನಮ್ಮ ನಿವೇಶನ ಒಂದನೇ ನಂಬರು.”

“ಪಾರ್ಕು ಬಹಳ ದೊಡ್ಡದಾಯ್ತಲ್ಲ ಸರ್?” ಎಂದರು ಡಾಕ್ಟರು.

“ಬಡಾವಣೆ ಚೆನ್ನಾಗಿ ಯೋಜಿಸಿದ್ದಾರೆ ಅಂತ ಅರ್ಥ.”

“ಹಾಗಾದ್ರೆ ಹೊರಗಿನ ಡಿಸ್ಕು ಎಲ್ಲಿ ಭಾವ? ಪಟ್ಟೀಲಿ ಕಾಣಲ್ಲ.”

“ಹೊರಗಿರೋದು ಒಳಗಿನ ನಕ್ಷೇಲಿ ಯಾಕೆ ಬರುತ್ತೋ? ಪಕ್ಕದ ಊರು ನಮ್ಮೂರ ನಕ್ಷೇಲಿ ಇರುತ್ತಾ?”

ಕಂಡಕ್ಟರಿಗೆ ಇದು ಸರಿ ಕಂಡಿತು. ಸರಪಳಿಯವರು ಡ್ರೈವ್ ಒಂದನ್ನು ಆರಿಸಿ, ಅಳಿಸು ಎಂಬುದನ್ನು ಒತ್ತಿದರು. ಇದರಲ್ಲಿರುವುದೆಲ್ಲ ಹೋಗುತ್ತದೆ, ಒಪ್ಪಿಗೆಯೇ ಎಂದು ಯಂತ್ರ ಕೇಳಿತು. ಅವರು ಡಾಕ್ಟರ ಕಡೆ ತಿರುಗಿದರು.

“ಸಾಕ್ಷಿಗಳ ಒಪ್ಪಿಗೆ?”

“ನೋವಾಗೋದಿಲ್ಲ ತಾನೇ? ಕೀಳಿ,” ಎಂದರು ಡಾಕ್ಟರು.

ಅಖಂಡ ಭಾಗ ಮಾಯವಾಯಿತು. ಆ ಸ್ಥಳದಲ್ಲಿ, ಯಾರಿಗೂ ಹಂಚಿಕೆಯಾಗದ ಜಾಗ ಎಂಬರ್ಥದ ಇಂಗ್ಲಿಷ್ ಮಾತು ಮೂಡಿತು. ಸರಪಳಿಯವರ ಮೈ ಜುಮ್ಮೆಂದಿತು. ಇಡೀ ಸೇವೆಯಲ್ಲಿ ಅವರು ಯಾರ ಹೆಸರಿನಲ್ಲೂ ಇಲ್ಲದ, ಯಾರೂ ತಕರಾರು ಮಾಡದ ಒಂದು ತುಂಡು ನೆಲವನ್ನು ಕಂಡಿರಲಿಲ್ಲ. ಅದನ್ನು ಒಂದು ನಿಮಿಷ ಹಾಗೆಯೇ ನೋಡುತ್ತ ಕುಳಿತರು. ಆಮೇಲೆ ಅಲ್ಲಿ ಹೊಸ ಭಾಗ ಮಾಡಿ, ಮುಂದೆ ಎಂಬುದನ್ನು ಒತ್ತಿದರು.

ಯಂತ್ರ ಒಪ್ಪಲಿಲ್ಲ. ಈ ಡಿಸ್ಕು ಯುಎಸ್‌ಬಿ ತಂತಿಯ ಮೂಲಕ ಜೋಡಣೆಯಾಗಿದೆ, ಇದರ ಮೇಲೆ ವ್ಯವಸ್ಥೆಯನ್ನು ಹಾಕಲು ಬರುವುದಿಲ್ಲ ಎಂದು ಬರೆದು ತೋರಿಸಿತು. ಸರಪಳಿಯವರು ಓದಿದರು, ಕಂಡಕ್ಟರು ಪುನರುಚ್ಚರಿಸಿದರು, ಈ ಸಲ ಗಂಟಲು ಏಳಲಿಲ್ಲ.

“ಯುಎಸ್‌ಬಿ ಅಂದ್ರೆ,” ಎಂದು ಡಾಕ್ಟರು ಮೇಜಿನ ಕಡೆ ಬೆರಳು ಚಾಚಿದರು, “ಆ ಹೊರಗಡೆ ನೇತಾಡ್ತಿದೆಯಲ್ಲ, ಅದು ತಾನೇ?”

ಸರಪಳಿಯವರ ಮುಖ ಸುಣ್ಣ ಬಳಿದಂತಾಯಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಯಾವಾಗ ಬಂದು ನಿಂತಿದ್ದರೋ ಯಾರೂ ಗಮನಿಸಿರಲಿಲ್ಲ.

“ಈಗ ನೀವು ಅಳಿಸಿದ್ದು ನನ್ನ ಪುಸ್ತಕದ ನಕಲು,” ಎಂದರು ಆಕೆ.

“ಹೌದು ಅಂತ ಕಾಣುತ್ತೆ.”

“ಅಕ್ಕ, ಹೋದ್ರೆ ಹೋಗ್ಲಿ ಬಿಡು,” ಎಂದರು ಕಂಡಕ್ಟರು, ಸಮಾಧಾನ ಹೇಳುವ ಹುಮ್ಮಸ್ಸಿನಲ್ಲಿ. “ಭಾವ, ಹಾಗಾದ್ರೆ ಸೊನ್ನೇನೇ ಒರೆಸಿ ಹಾಕಿಬಿಡೋಣ. ಕೆಲಸ ಇವತ್ತೇ ಮುಗೀಲಿ.”

ಸರಪಳಿಯವರ ಕೈ ಅಭ್ಯಾಸಬಲದಿಂದ ಮೌಸಿನ ಕಡೆ ಹೋಯಿತು. ಅಷ್ಟರಲ್ಲಿ ಹೆಂಡತಿ ಬಲಭಾಗದಿಂದ ದಪ್ಪ ನಿಘಂಟೊಂದನ್ನು ಎತ್ತಿ, ಬಿಳಿ ಗೆರೆಯನ್ನು ದಾಟಿಸಿ, ಮೌಸಿನ ಮೇಲೆ ಇಟ್ಟರು.

“ಇನ್ನು ಒಂದು ಅಂಗುಲಾನೂ ಅಳೀಬೇಡಿ,” ಎಂದರು. “ಪಾರ್ಕಿನಲ್ಲಿ ಇರೋದು ನನ್ನ ಪುಸ್ತಕ.”

ಕಂಪ್ಯೂಟರು ತನ್ನ ಅರ್ಧ ಗಂಟೆ ಮುಗಿಯಿತೆಂದು ಆರಿಹೋಯಿತು. ಡಿವಿಡಿಯನ್ನು ತೆಗೆದು ಮತ್ತೆ ಹಚ್ಚಿದಾಗ ಹಳೆಯ ವ್ಯವಸ್ಥೆಯ ಚಿತ್ರ ಅರ್ಧ ಮೂಡಿ, ನೀಲಿಯಾಗಿ, ಮತ್ತೆ ಆರಿತು. ಮೂರನೆಯ ಸಲ ಹಚ್ಚಲು ಸರಪಳಿಯವರು ಬಿಡಲಿಲ್ಲ. ನಕಲು ಹೋಗಿ, ಮೂಲವೊಂದೇ ಸಾಯುವ ಯಂತ್ರದೊಳಗೆ ಉಳಿದಿತ್ತು. ಅವರು ಹಜಾರಕ್ಕೆ ಹೋಗಿ, ಮೊಳೆಯಿಂದ ಕಬ್ಬಿಣದ ಸರಪಳಿಯನ್ನು ಇಳಿಸಿ ತಂದು, ಪೆಟ್ಟಿಗೆಯ ಸುತ್ತ ಮೂರು ಸುತ್ತು ಬಿಗಿದರು.

“ಇದೇನ್ರೀ?”

“ತಡೆಯಾಜ್ಞೆ. ತಕರಾರಿರೋ ಆಸ್ತಿ. ತನಿಖೆಯಾಗೋ ತನಕ ಯಾರೂ ಮುಟ್ಟಬಾರದು. ಮುಖ್ಯವಾಗಿ ನಾನು.”

ಮರುದಿನ ಭಾನುವಾರ, ರಿಪೇರಿ ಅಂಗಡಿಗೆ ರಜೆ. ಹೆಂಡತಿ ಮೇಜಿನ ತಮ್ಮ ಅರ್ಧದಲ್ಲಿ ಕುಳಿತು ಪದಬಂಧಗಳನ್ನು ನೆನಪಿನಿಂದ ಕಾಗದಕ್ಕಿಳಿಸಲು ಹೊರಟರು. ಮಧ್ಯಾಹ್ನದವರೆಗೆ ನಾಲ್ಕು ಬಂದವು; ಐದನೆಯದು ಎರಡನೆಯದರಂತೆಯೇ ಬಂತು. ಆಕೆ ಪೆನ್ಸಿಲನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತ ಕುಳಿತರು. ಬೈದಿದ್ದರೆ ಸರಪಳಿಯವರಿಗೆ ಊಟ ಸೇರುತ್ತಿತ್ತು. ಆಕೆ ಬೈಯಲಿಲ್ಲ.

“ರಕ್ಷಾಪುಟದ ಮಾದರಿ ಕಳಿಸಿದ್ದರು, ನೋಡಿದ್ರಾ?” ಎಂದು ಸಂಜೆ ಒಮ್ಮೆ ಕೇಳಿದರು.

“ನೋಡಿದೆ.”

“ಹೆಸರು ಚೆನ್ನಾಗಿ ಕೂತಿತ್ತು.”

ಸರಪಳಿಯವರು ಎದ್ದುಹೋಗಿ, ಒರೆಸಿದ ಬೂಟನ್ನೇ ಮತ್ತೊಮ್ಮೆ ಒರೆಸಿದರು.

ಮಾರ್ಚ್ 11ರ ಸೋಮವಾರ, ಕಂಡಕ್ಟರು ಮತ್ತೆ ಹಾಜರಾಗಿದ್ದಾಗ, ರಿಪೇರಿಯಾಕೆ ಬಂದರು. ನಲವತ್ತರ ಆಸುಪಾಸಿನ, ತಲೆಗೂದಲಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ, ಬಂದಕೂಡಲೇ ಹೊರಡುವ ಅವಸರದಲ್ಲಿರುವ ಹೆಂಗಸು. ಸರಪಳಿ ಬಿಗಿದ ಪೆಟ್ಟಿಗೆಯನ್ನು ಕಂಡು ಬಾಗಿಲಲ್ಲೇ ನಿಂತರು.

“ಇದು ಕಚ್ಚುತ್ತಾ ಸರ್?”

ಸರಪಳಿಯವರು ಎದ್ದುನಿಂತು, ನಡೆದದ್ದನ್ನು ತಾರೀಖುವಾರು ಹೇಳಿದರು. ಚರಂಡಿ, ರಸ್ತೆ, ಪಾರ್ಕು, ಯಾವುದನ್ನೂ ಮುಚ್ಚಿಡಲಿಲ್ಲ. ಆಕೆ ಪಾರ್ಕಿನವರೆಗೆ ಗಂಭೀರವಾಗಿ ಕೇಳಿಸಿಕೊಂಡು, ಆಮೇಲೆ ಕೆಮ್ಮು ಬಂದವರಂತೆ ಮುಖ ತಿರುಗಿಸಿದರು. ಸರಪಳಿಯನ್ನು ಬಿಚ್ಚಿ, ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆಳೆದು, ಹಿಂದಿನ ಮುಚ್ಚಳವನ್ನು ತೆಗೆದರು.

“ಅಮ್ಮಾ, ಇಲ್ಲಿ ಬನ್ನಿ. ಇದರೊಳಗೆ ಯಾರೋ ಕಂಬಳಿ ನೇಯ್ದಿದ್ದಾರೆ.”

ಫ್ಯಾನಿನ ರೆಕ್ಕೆಗಳ ಮೇಲೆ ಬೂದುಬಣ್ಣದ ಧೂಳು ಹಾಸಿ, ಅದು ತಿರುಗುವುದನ್ನೇ ಬಿಟ್ಟಿತ್ತು. ಬ್ರಷ್ಷಿನಿಂದ ಕೆರೆದು ತೆಗೆದಾಗ ಒಂದು ಹಿಡಿ ಬಂತು. ಸ್ವಿಚ್ಚು ಹಾಕಿದರು. ಫ್ಯಾನು ಗುಂಯ್ಗುಟ್ಟಿತು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ನೀಲಿ ಪರದೆ ಬರಲಿಲ್ಲ.

“ವ್ಯವಸ್ಥೆ ಹೊಸದಾಗಿ ಹಾಕಬೇಕಿತ್ತಲ್ಲ?” ಎಂದರು ಸರಪಳಿಯವರು.

“ಯಾಕೆ ಸರ್? ವ್ಯವಸ್ಥೆಗೆ ಏನೂ ಆಗಿಲ್ಲ. ಬೆನ್ನು ಗೋಡೆಗೆ ಒತ್ತಿಟ್ಟಿದ್ದೀರಿ, ಬಿಸಿಗಾಳಿ ಹೋಗೋಕೆ ದಾರಿಯಿಲ್ಲ. ಕಾದು ಆರಿಹೋಗ್ತಿತ್ತು. ಅದಕ್ಕೂ ಉಸಿರು ಬೇಡ್ವಾ?”

ಹೆಂಡತಿ ಗಂಡನ ಕಡೆ ನೋಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಆಕೆಯದು. ಹಳದಿ ಚಿತ್ರವನ್ನು ಒತ್ತಿದರು. ನೂರೂ ಪದಬಂಧಗಳು ಇದ್ದಲ್ಲಿಯೇ ಇದ್ದವು. ಆಕೆ ಒಂದೊಂದನ್ನೇ ತೆರೆದು ನೋಡುತ್ತ ಹೋದರು. ಹನ್ನೊಂದನೆಯದಕ್ಕೆ ಬಂದಾಗ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಸರಪಳಿಯವರಿಗೆ ತಮ್ಮ ಮಾನದ ಚಿಂತೆ. ಗಡಿ ತಪ್ಪಿದ್ದು ನಿಜ, ಆದರೆ ನಕಲನ್ನಂತೂ ಕ್ರಮಬದ್ಧವಾಗಿ ಮಾಡಿದ್ದೆನೆಂಬುದು ಎಲ್ಲರೆದುರು ಸಾಬೀತಾಗಲಿ ಎಂದು, ಹೊರಗಿನ ಡಿಸ್ಕಿನಲ್ಲಿ ಅಳಿದದ್ದನ್ನೂ ಎತ್ತಿಕೊಡಿ ಎಂದು ಪಟ್ಟುಹಿಡಿದರು. ರಿಪೇರಿಯಾಕೆ ತಮ್ಮ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿ, ಏನನ್ನೋ ಓಡಿಸಿ, ಕಾದರು. ಸಿಕ್ಕಿತು. ಎರಡು ಕೆಬಿಯಷ್ಟು ಸಣ್ಣ ಒಂದೇ ಒಂದು ಚೂರು. ಒತ್ತಿದರೆ ಏನೂ ತೆರೆಯಲಿಲ್ಲ.

“ಮಿಕ್ಕಿದ್ದು ಎಲ್ಲಿ?” ಎಂದರು ಸರಪಳಿಯವರು.

“ಮಿಕ್ಕಿದ್ದು ಇರಲೇ ಇಲ್ಲ ಸರ್. ಈ ಬಾಣದ ಗುರುತು ನೋಡಲಿಲ್ವಾ?”

“ನೋಡಿದೆ. ಉತ್ತರ ದಿಕ್ಕು.”

ಆಕೆ ಬಾಣದ ಮೇಲೆ ಬೆರಳಿಟ್ಟರು. “ಅಲ್ಲ ಸರ್. ಬಾಣ ಇದ್ದರೆ ಅದು ಫೋಲ್ಡರಲ್ಲ, ಫೋಲ್ಡರಿಗೆ ದಾರಿ ತೋರಿಸೋ ಬೋರ್ಡು ಅಂತ. ಅಮ್ಮನಿಗೆ ಸುಲಭ ಆಗಲಿ ಅಂತ ನಾನೇ ಮಾಡಿಕೊಟ್ಟಿದ್ದೆ. ನೀವು ಮನೆ ಬಿಟ್ಟು, ಗೇಟಿನ ಬೋರ್ಡು ಮಾತ್ರ ಕಿತ್ಕೊಂಡು ಹೋಗಿದ್ದೀರಿ.”

“ಅಲ್ಲಿಂದಲೂ ತೆರೀತಲ್ಲ? ಇವಳೇ ನೋಡಿದಳು.”

“ಮನೆ ಇನ್ನೂ ಇತ್ತಲ್ಲ, ಅದಕ್ಕೆ ಬೋರ್ಡು ದಾರಿ ತೋರಿಸ್ತು.”

ಸರಪಳಿಯವರು ಲೆಕ್ಕದ ಮನುಷ್ಯ. ತುದಿಯನ್ನು ತಲುಪಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಶನಿವಾರ ತಾವು ಬುದ್ಧಿವಂತರಂತೆ ನಡೆದುಕೊಂಡು, ಅಳಿಸಬೇಕಾದ ಡಿಸ್ಕನ್ನೇ ಅಳಿಸಿದ್ದರೆ, ಇಂದು ಈ ಮನೆಯಲ್ಲಿ ಉಳಿಯುತ್ತಿದ್ದುದು ಎಲ್ಲಿಗೂ ದಾರಿ ತೋರಿಸದ ಒಂದು ಬೋರ್ಡು ಮಾತ್ರ.

“ಅಂದರೆ,” ಎಂದರು, “ನಾನು ಸರಿಯಾಗಿ ಕೆಲಸ ಮಾಡಿದ್ದರೆ...”

“ನನ್ನ ಪುಸ್ತಕ ಇರ್ತಿರಲಿಲ್ಲ,” ಎಂದರು ಹೆಂಡತಿ. ಆಮೇಲೆ ಆಕೆಗೆ ನಗು ಬಂತು. ಮೊದಲು ತಡೆದುಕೊಂಡರು, ಆಮೇಲೆ ಮೇಜಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ರೀ, ಇಷ್ಟು ವರ್ಷಕ್ಕೆ ನಿಮ್ಮ ತಪ್ಪಿನಿಂದ ಒಂದು ಉಪಕಾರ ಆಯ್ತು ನೋಡಿ.”

“ಭಾವನ ಸರ್ವಿಸ್ಸಿನಲ್ಲಿ ಬಹಳ ಜನಕ್ಕೆ ಆಗಿರಬಹುದು ಅಕ್ಕ,” ಎಂದರು ಕಂಡಕ್ಟರು. “ಯಾರೂ ಬಂದು ಹೇಳಿಲ್ಲ ಅಷ್ಟೇ.”

ಆಮೇಲೆ ನಡೆದದ್ದು ಇಷ್ಟು. ಮಾರ್ಚ್ 12ರಂದು ಸರಪಳಿಯವರು ಮೇಜಿನ ಬಿಳಿ ಗೆರೆಯನ್ನು ಕೆರೆದು, ತಮ್ಮ ಅರ್ಧದ ಕಡೆಗೆ ಒಂದು ಗೇಣು ಸರಿಸಿ ಮತ್ತೆ ಬಳಿದರು. ಹಾಗೆ ಸಿಕ್ಕ ಜಾಗದಿಂದ ಕಪ್ಪು ಪೆಟ್ಟಿಗೆ ಗೋಡೆಯಿಂದ ದೂರ ನಿಂತಿತು. ತಮ್ಮ ಭಾಗದಿಂದ ಅವರು ನೆಲ ಬಿಟ್ಟುಕೊಟ್ಟದ್ದು ಅದೇ ಮೊದಲು, ಅದೇ ಕಡೆ. ಪದಬಂಧಗಳು ಹೇಳಿದ ಶುಕ್ರವಾರವೇ ಪ್ರಕಾಶಕರ ಕೈಸೇರಿದವು. ಪುಸ್ತಕ 2019ರ ಜೂನ್ 22, ಶನಿವಾರ ಹೊರಬಂತು. ರಕ್ಷಾಪುಟದಲ್ಲಿ ಹೆಸರು ದಪ್ಪ ಅಕ್ಷರದಲ್ಲಿದೆ. ಅರ್ಪಣೆಯ ಪುಟದಲ್ಲಿ ‘ಸೊನ್ನೆಯನ್ನು ಎಣಿಸದವರಿಗೆ’ ಎಂದಿದೆ. ಅಚ್ಚಿನ ದೋಷವಿರಬಹುದೆಂದು ಪ್ರಕಾಶಕರು ಫೋನು ಮಾಡಿ ಕೇಳಿದಾಗ, ಹಾಗೆಯೇ ಇರಲಿ ಎಂದು ಉತ್ತರ ಹೋಯಿತು. ಜುಲೈ 7ರ ಸಂಚಿಕೆಯಿಂದ ವಾರಪತ್ರಿಕೆಯವರೂ ಪದಬಂಧದ ಕೆಳಗೆ ಆಕೆಯ ಹೆಸರನ್ನು ಹಾಕತೊಡಗಿದರು. ಹಲ್ಲಿನ ಡಾಕ್ಟರು ಎರಡು ಪ್ರತಿಗಳನ್ನು ಕೊಂಡು, ಕಾಯುವ ರೋಗಿಗಳಿಗಾಗಿ ಬೆಂಚಿನ ಮೇಲೆ ಇಟ್ಟಿದ್ದಾರೆ. ಸರಪಳಿ ಮೊದಲಿನ ಮೊಳೆಗೇ ಮರಳಿತು. ಕಂಪ್ಯೂಟರು ಇಂದಿಗೂ ಹಳೆಯ ವ್ಯವಸ್ಥೆಯಲ್ಲಿಯೇ ನಡೆಯುತ್ತಿದೆ.